“ಕಿಡ್ನಿಗೆ ಸೇಫ್, ಲ್ಯಾಬ್ ಟೆಸ್ಟ್ ಆಗ್ಯಾದ” ಅಂದ್ರ ನಂಬಬ್ಯಾಡ್ರಿ, ಆ ರಿಪೋರ್ಟ್ ಇಸ್ಕೊಂಡು ಪೂರ್ತಿ ಓದ್ರಿ

ಕಲಬುರಗಿ ಮಂದಿಗೆ, ಸೇಡಂ, ಆಳಂದ, ಜೇವರ್ಗಿ ಕಡೆಯವ್ರಿಗೂ ಹೇಳ್ಲತ್ತೀನಿ. ಹದಿನೈದು ದಿನ ಬರೀಬೇಕೋ ಬ್ಯಾಡೋ ಅಂತ ಸುಮ್ನಿದ್ದೆ, ನಾಚಿಕಿ ಆಗ್ತದ, ಯಾಕಂದ್ರ ನಾನು ಹೈಸ್ಕೂಲ್ ವಿಜ್ಞಾನ ಮಾಸ್ತರ, ಕಿಡ್ನಿ ಚಿತ್ರ ಬೋರ್ಡ್ ಮ್ಯಾಲ ವರ್ಷಾ ವರ್ಷಾ ನಾನೇ ತೆಗಿತೀನಿ, ಆ ಗಿಡಮೂಲಿಕೆ ಔಷಧದ ಬಾಟಲಿ ನಮ್ಮವ್ವನ ಕೈಯಾಗ ಕೊಟ್ಟವನೂ ನಾನೇ.

ಅವ್ವಗ 61 ವರ್ಷ, ಶುಗರ್ ಅದ, ಮೊಣಕಾಲ ಬ್ಯಾನಿ. ಶರಣಬಸವೇಶ್ವರ ಅಪ್ಪನ ಜಾತ್ರಿಗೆ ಬಂದ ಬೀಗರು ಹೇಳಿದ್ರು ಅಂತ ಊರಾಗಿನ ಒಂದು ಗಿಡಮೂಲಿಕೆ ಅಂಗಡಿಗೆ ಹೋದ್ವಿ. ಬಾಟಲಿಗೆ 1,450 ರೂಪಾಯಿ, ತಿಂಗಳಿಗೆ ಎರಡು. ನಾನು ಕೇಳ್ದೆ, ಕೇಳ್ಲಿಲ್ಲ ಅಂತ ಯಾರೂ ಅನಬ್ಯಾಡ್ರಿ, “ಶುಗರ್ ಇದ್ದವ್ರು, ಕಿಡ್ನಿಗೆ ಏನೂ ಆಗಲ್ಲಲ್ರಿ?” ಅಂತ ಬಾಯ್ಬಿಟ್ಟು ಕೇಳ್ದೆ. ಅಂಗಡಿಯವ ಡ್ರಾ ತೆಗೆದು ನಾಕು ಪೇಜಿನ ರಿಪೋರ್ಟ್ ಮುಂದಿಟ್ಟ. “ಮಾಸ್ತರ, ನೀವು ಓದಿದವ್ರು, ನೀವೇ ನೋಡ್ರಿ. ಲ್ಯಾಬಿನ್ಯಾಗ ಟೆಸ್ಟ್ ಆಗ್ಯಾದ. ಕಿಡ್ನಿಗೆ ನೂರಕ್ಕ ನೂರು ಸೇಫ್.” ಸೀಲು, ಸಹಿ, ವಿಷಗುಣ ಕಂಡಿಲ್ಲ ಅಂತ ದಪ್ಪ ಅಕ್ಷರ. ಮೊದಲ್ನೇ ಪೇಜ್ ಓದ್ದೆ, ಫೋನಿನ್ಯಾಗ ನಾಕೂ ಪೇಜ್ ಫೋಟೋ ಹೊಡ್ಕೊಂಡೆ, ರೊಕ್ಕ ಕೊಟ್ಟೆ. ಓದಿದವ್ರು ಅಂದ ಒಂದೇ ಮಾತಿಗೆ.

ಎರಡೂವರಿ ತಿಂಗಳು ಕುಡಿದ್ಳು. ಕಾಲು ಬಾತ್ವು, ನಮ್ಮ ಬಿಸಲಿಗೆ ಹಂಗಾಗಿರ್ಬೇಕು ಅಂದ್ಕೊಂಡ್ವಿ. ಆಮ್ಯಾಲ ಊಟ ಸೇರವಲ್ದು, ಜ್ವಾಳದ ರೊಟ್ಟಿ ವಾಸನಿ ಬಂದ್ರೂ ವಾಂತಿ. ದವಾಖಾನಿಗೆ ಒಯ್ದ್ರ ರಕ್ತದಾಗ ಕ್ರಿಯಾಟಿನಿನ್ 2.7! ಕಿಡ್ನಿ ಸೋಸಿ ಹೊರಗ ಹಾಕಬೇಕಾದ ಕಸ ಅದು, ಏರಿದ್ರ ಕಿಡ್ನಿ ಸರಿಯಾಗಿ ಕೆಲಸ ಮಾಡ್ಲತ್ತಿಲ್ಲ ಅಂತ. ಜನವರಿಯಾಗ 0.9 ಇತ್ತು, ಕಾಗದ ನನ್ನ ಹತ್ರನೇ ಅದ. ಡಾಕ್ಟ್ರು ಮೊದ್ಲು ಕೇಳಿದ್ದೇ “ಏನರೆ ಗಿಡಮೂಲಿಕೆ ಔಷಧ ತಗೋತೀರೇನಮ್ಮ?” ಅವ್ವ ಏನೂ ಮಾತಾಡ್ಲಿಲ್ಲ, ನನ್ನ ಮಾರಿ ನೋಡಿದ್ಳು ಅಷ್ಟೇ. ಇದರಿಂದ್ಲೇ ಆಗ್ಯಾದ ಅಂತ ಖಾತ್ರಿ ಹೇಳಾಕ ಬರಲ್ಲ, ಆದ್ರ ಇವತ್ತೇ ಬಂದ್ ಮಾಡ್ರಿ ಅಂದ್ರು ಡಾಕ್ಟ್ರು. ಬಂದ್ ಮಾಡಿ ಆರು ವಾರಕ್ಕ 1.6ಕ್ಕ ಬಂದದ. 0.9 ಇನ್ನೂ ಬಂದಿಲ್ಲ.

ಆ ಫೋಟೋಗಳ್ನ ನಮ್ಮಣ್ಣನ ಮಗಳಿಗೆ ಕಳಿಸ್ದೆ, ಫಾರ್ಮಸಿ ಓದ್ಲತ್ತಾಳ. ಐದು ನಿಮಿಷಕ್ಕ ಫೋನ್ ಬಂತು. “ಕಾಕಾ, ಇದು ಕಿಡ್ನಿ ಟೆಸ್ಟೇ ಅಲ್ಲ.” ಇಲಿಗೆ ಒಂದೇ ಸಲ ಡೋಸ್ ಹಾಕ್ಯಾರ, 14 ದಿನ ನೋಡ್ಯಾರ, ಒಂದೂ ಸತ್ತಿಲ್ಲ ಅಂತ ಬರ್ದಾರ. ಮುಗೀತು! ಇಲಿ ಸಾಯ್ಲಿಲ್ಲ ಅಂದ್ರ ನಮ್ಮವ್ವನ ಕಿಡ್ನಿ ಸೇಫ್ ಅಂತ ಹೆಂಗಾಗ್ತದ್ರಿ? ದಿನಾ ಕುಡಿಯೋ ಔಷಧಕ್ಕ ದಿನಾ ಡೋಸ್ ಕೊಟ್ಟು 28 ದಿನ, 90 ದಿನ ನೋಡ್ಬೇಕಂತ, ರಕ್ತದಾಗ ಯೂರಿಯಾ, ಕ್ರಿಯಾಟಿನಿನ್ ನೋಡ್ಬೇಕು, ಕಡೀಗೆ ಇಲಿ ಕಿಡ್ನಿ ತೆಗೆದು ತೂಕ ಮಾಡಿ, ತೆಳ್ಳಗ ಕೊಯ್ದು ಮೈಕ್ರೋಸ್ಕೋಪಿನ್ಯಾಗ ನೋಡ್ಬೇಕು, ಯಾಕಂದ್ರ ಕಿಡ್ನಿ ಅರ್ಧದಷ್ಟು ಹಾಳಾಗೋತನಕ ಕ್ರಿಯಾಟಿನಿನ್ ಏರದೇ ಇರಬಹುದು. ಅದ್ಯಾವ್ದೂ ಇಲ್ಲ ಆ ನಾಕು ಪೇಜಿನ್ಯಾಗ. ಕಿಡ್ನಿ ಅನ್ನೋ ಶಬ್ದನೇ ಇಲ್ಲ!

ಮೂರನೇ ಪೇಜ್ ಇನ್ನೂ ಕೆಟ್ಟ. ಟೆಸ್ಟ್ ಮಾಡಿದ್ದು ಎಲಿ ನೀರಿನ್ಯಾಗ ಕುದಿಸಿದ ಕಷಾಯ. ಬಾಟಲಿ ಮ್ಯಾಲ ಬರ್ದದ್ದು ಬೇರು, ಆಲ್ಕೋಹಾಲಿನ್ಯಾಗ ತೆಗೆದ ಸಾರ. ನೀರಿಗೆ ಬಿಡೋ ಅಂಶ ಬ್ಯಾರೆ, ಆಲ್ಕೋಹಾಲಿಗೆ ಬಿಡೋದು ಬ್ಯಾರೆ, ಇದು ನನಗ ಗೊತ್ತಿತ್ತು, ಪಾಠ ಹೇಳೋ ನನಗ ಗೊತ್ತಿತ್ತು, ಪೇಜ್ ತಿರುವಿ ನೋಡ್ಲಿಲ್ಲ. ಆಕಿನೇ ಹೇಳಿದ್ಳು, 1990ರ ದಶಕದಾಗ ಬೆಲ್ಜಿಯಂನ್ಯಾಗ ತೂಕ ಇಳಿಸೋ ಗುಳಿಗ್ಯಾಗ ಒಂದು ಗಿಡದ ಬದ್ಲಿ ಇನ್ನೊಂದು ಸೇರಿ ಎಷ್ಟೋ ಹೆಣ್ಮಕ್ಕಳ ಕಿಡ್ನಿ ಪೂರಾ ಹೋದ್ವು ಅಂತ. ಅದ್ರಾಗಿದ್ದ ಅರಿಸ್ಟೊಲೋಕಿಕ್ ಆಸಿಡ್ ನಮ್ಮ ಈಶ್ವರಿ ಬಳ್ಳಿಯಾಗೂ ಇರ್ತದ. ಗಿಡದ್ದು ಅಂದ್ರ ಏನೂ ಆಗಲ್ಲ ಅನ್ನೋದು ಶುದ್ಧ ಸುಳ್ಳು.

ಅಂಗಡಿಗೆ ಹೋದೆ. “ಅವ್ವಗ ಮೊದ್ಲೇ ಶುಗರ್ ಇತ್ತಲ್ರಿ, ಅದರಿಂದ ಆಗಿರ್ತದ.” ಶುಗರ್ ಅದ ಅಂತ ಹೇಳಿದ ಮ್ಯಾಲೇ ನೀ ಕೊಟ್ಟೀಯಲ್ಲಪ್ಪಾ! “ನೀರು ಕಮ್ಮಿ ಕುಡಿದಿರ್ಬೇಕು.” ರಿಪೋರ್ಟ್ ತೋರಿಸಿ ಇದ್ರಾಗ ಕಿಡ್ನಿ ಎಲ್ಲದ ಅಂದ್ರ “ನಾವು ಮಾರೋರು ಸರ್, ಕಂಪನಿಯವ್ರು ಕೊಟ್ಟಿದ್ದು ತೋರಿಸ್ತೀವಿ” ಅಂದ. ಆವತ್ತು ಮಾಸ್ತರ, ಇವತ್ತು ಸರ್. ಕಂಪನಿ ನಂಬರಿಗೆ ಹಚ್ಚಿದ್ರ “ಇಷ್ಟು ವರ್ಷದಾಗ ನಿಮ್ದೊಂದೇ ಕಂಪ್ಲೇಂಟ್” ಅಂತಾರ. ಕಡೀಗೆ ಅಂಗಡಿಯವ ಅಂದದ್ದು ಕೇಳ್ರಿ, “ರೊಕ್ಕ ವಾಪಸ್ ಬರಲ್ಲ, ಬೇಕಂದ್ರ ಕಿಡ್ನಿ ಕ್ಲೀನ್ ಮಾಡೋ ಬಾಟಲಿ ಒಂದು ಫ್ರೀ ಕೊಡ್ತೀನಿ.” ಕೈ ನಡುಗ್ಲತ್ತಿದ್ವು ನನಗ, ಮಾತೇ ಬರ್ಲಿಲ್ಲ, ಎದ್ದು ಬಂದೆ.

ರಿಪೋರ್ಟ್ ತೋರಿಸಿದ್ರ ಎಷ್ಟು ದಿನದ ಟೆಸ್ಟ್, ಗಿಡದ ಯಾವ ಭಾಗ, ಯಾವುದ್ರಾಗ ತೆಗೆದ ಸಾರ, ಇಷ್ಟು ಕೇಳ್ರಿ. ಬಾಟಲಿ ಮ್ಯಾಲ ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇಲ್ಲಾಂದ್ರ ಮುಟ್ಟಬ್ಯಾಡ್ರಿ. ಶುಗರ್, ಬಿಪಿ ಇದ್ದ ಮನಿ ಹಿರಿಯರಿಗೆ ಡಾಕ್ಟ್ರಿಗೆ ಹೇಳದೆ ಏನೂ ಕೊಡಬ್ಯಾಡ್ರಿ. ಸೀಲು, ಸಹಿ ನೋಡಿ ಮರುಳಾಗಬ್ಯಾಡ್ರಿ, ನಾ ಆಗೀನಿ.

ಉಳಿದ ಅರ್ಧ ಬಾಟಲಿ ಚೆಲ್ಲಿಲ್ಲ, ಆಯುಷ್ ಇಲಾಖೆಗೆ ದೂರು ಬರ್ದು ಅದ್ರ ಜೋಡಿ ಕೊಡ್ತೀನಿ. ಬರೋ ಸೋಮವಾರ ಅವ್ವಂದು ಮತ್ತ ರಕ್ತ ತೆಗೆಸೋದದ.