ಸಿಗಾರ್ ಡಬ್ಬಿ ಗಿಟಾರಿಗೆ ಪೀಜೋ ಪಿಕಪ್: ಕಲಬುರಗಿಯ ಎರಡು ಬೇಸಿಗೆ ದಾಟಿದ ಮೇಲೆ

ಮನೆಯಲ್ಲೇ ಮಾಡಿದ ಡಬ್ಬಿ ಗಿಟಾರಿಗೆ ಪಿಕಪ್ (ವಾದ್ಯದ ಅದುರನ್ನು ಹಿಡಿದು ಸ್ಪೀಕರಿನ ಕಡೆ ಕಳಿಸುವ ಸಾಧನ) ಹಾಕಬೇಕು ಅಂತಿದ್ದರೆ 27 ಮಿ.ಮೀ. ಪೀಜೋ ಪ್ಲೇಟನ್ನು ಧೈರ್ಯವಾಗಿ ತಗೊಳ್ಳಿ. ಇಪ್ಪತ್ತು ರೂಪಾಯಿಯ ಈ ಹಿತ್ತಾಳೆ ಬಿಲ್ಲೆ ನನ್ನ ಗಿಟಾರಿನಲ್ಲಿ ಎರಡು ಬೇಸಿಗೆ ತಡೆದುಕೊಂಡಿದೆ, ಇವತ್ತಿಗೂ ಮೊದಲಿನ ಹಾಗೇ ಕೆಲಸ ಮಾಡುತ್ತಿದೆ. ಆದರೆ ದುಡ್ಡು ಉಳೀತು ಅಂತ ಅಲ್ಲಿಗೇ ನಿಲ್ಲಬೇಡಿ. ಉಳಿದ ದುಡ್ಡನ್ನು ಪ್ರೀಆಂಪಿಗೆ, ಅಂದರೆ ಪಿಕಪ್ಪಿಗೂ ಮಿಕ್ಸರಿಗೂ ನಡುವೆ ಕೂತು ದನಿಯನ್ನು ಹದ ಮಾಡುವ ಸರ್ಕ್ಯೂಟಿಗೆ, ಹಾಕಿ. ದನಿ ಚೆನ್ನಾಗಿರುತ್ತೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ.

ನನ್ನ ವಾದ್ಯದ ವಿಚಾರ ಹೇಳಿಬಿಡುತ್ತೇನೆ. ಡಬ್ಬಿ ಹೈದರಾಬಾದಿನಿಂದ ತರಿಸಿದ್ದು. ಸಿಗಾರ್ ಡಬ್ಬಿಯೇ ಆಗಬೇಕು ಅಂತೇನಿಲ್ಲ, ಮೂರು ನಾಲ್ಕು ಮಿ.ಮೀ. ದಪ್ಪದ ಮುಚ್ಚಳ ಇರುವ ಯಾವ ಮರದ ಪೆಟ್ಟಿಗೆಯಾದರೂ ನಡೆಯುತ್ತದೆ. ಗಿಟಾರಿನ ಕತ್ತಿನ ಭಾಗಕ್ಕೆ ಬಡಗಿಯ ಹತ್ತಿರ ಉಳಿದಿದ್ದ ಸಾಗವಾನಿ ಪಟ್ಟಿ. ಮೂರು ತಂತಿ, ಜಿ-ಡಿ-ಜಿ ಶ್ರುತಿ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಕೈಯಲ್ಲಿ ಕಾಸಿಲ್ಲದವರು ಖಾಲಿ ಡಬ್ಬಿಗೆ ತಂತಿ ಬಿಗಿದು ಮಾಡಿಕೊಂಡ ವಾದ್ಯ ಇದು. ಅಲ್ಲಿ ಇದರಲ್ಲಿ ಬ್ಲೂಸ್ ನುಡಿಸುತ್ತಾರೆ. ಆದರೆ ಜಿ-ಡಿ-ಜಿ ಅಂದರೆ ನಮ್ಮ ಸ-ಪ-ಸ ಅಲ್ವಾ? ಮೂರೂ ತಂತಿ ಸುಮ್ನೆ ಮೀಟಿದರೆ ತಂಬೂರಿಯ ಶ್ರುತಿ ಸಿಕ್ಕಿಬಿಡುತ್ತದೆ. ಅದಕ್ಕೇ ನಾನು ಇದನ್ನು ನಮ್ಮ ಓಣಿಯ ಭಜನೆಗೆ ಒಯ್ಯುವುದು. ಪೇಟಿ (ಹಾರ್ಮೋನಿಯಂ) ಯಾವ ಶ್ರುತಿಯಲ್ಲಿದೆಯೋ ಅದಕ್ಕೆ ಬಿರಡೆ ತಿರುಗಿಸಿ ಹೊಂದಿಸಿಕೊಂಡು ತತ್ವಪದಗಳಿಗೆ ನುಡಿಸುತ್ತೇನೆ.

ಪಿಕಪ್ ಬೇಕಾಗಿದ್ದೂ ಅಲ್ಲೇ. ಶ್ರಾವಣದಲ್ಲಿ ಭಜನೆ ಅಂದರೆ ತಾಳ, ದಮಡಿ, ತಬಲಾ ಎಲ್ಲ ಒಟ್ಟಿಗೇ ಇರುತ್ತವೆ. ಅವುಗಳ ನಡುವೆ ಡಬ್ಬಿಯ ದನಿ ಎಲ್ಲಿ ಕೇಳಬೇಕು? "ತಮ್ಮಾ, ನಿನ್ನ ಡಬ್ಬಿ ಸಪ್ಪಳ ಹಿಂದ ಕೂತವ್ರಿಗಿ ಕೇಳವಲ್ದು ನೋಡು" ಅಂತ ಏಕತಾರಿ ನುಡಿಸುವ ಕಾಕಾ ಹೇಳಿದರು. "ಮುಂದಿನ ಸಲ ಕೇಳಸ್ತೀನ್ರಿ ಕಾಕಾ" ಅಂದೆ.

ಪೀಜೋ ಪ್ಲೇಟು ಅಂದರೆ ಕೀಂಯ್ ಅಂತ ಸದ್ದು ಮಾಡುವ ಬಜರ್‌ನಲ್ಲಿ ಇರುವ ಅದೇ ಬಿಲ್ಲೆ. ಕೆಳಗೆ ಹಿತ್ತಾಳೆ ತಗಡು, ಅದರ ಮೇಲೆ ತೆಳುವಾದ ಬಿಳಿ ಸೆರಾಮಿಕ್. ಬಗ್ಗಿಸಿದರೆ, ಅದುಮಿದರೆ ಅದರಲ್ಲಿ ಕರೆಂಟು ಹುಟ್ಟುತ್ತದೆ. ಈ ಗುಣವನ್ನು ಮೊದಲು ತೋರಿಸಿದ್ದು ಕ್ಯೂರಿ ಅಣ್ಣತಮ್ಮಂದಿರು, ಜಾಕ್ ಮತ್ತು ಪಿಯರ್, 1880ರಲ್ಲಿ, ಹರಳುಗಳಲ್ಲಿ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ಪಿಗೆ ಅಯಸ್ಕಾಂತ ಇರುವುದರಿಂದ ಉಕ್ಕಿನ ತಂತಿಯೇ ಬೇಕು. ಇದಕ್ಕೆ ಆ ಹಂಗಿಲ್ಲ. ಹಿತ್ತಾಳೆ ತಂತಿಯಾಗಲಿ, ನೈಲಾನ್ ಆಗಲಿ, ಮರ ಅದುರಿದರೆ ಸಾಕು.

ಈಗ ಮುಖ್ಯ ಮಾತು. ಇದನ್ನು ನೇರವಾಗಿ ಮಿಕ್ಸರಿಗೆ ಚುಚ್ಚಿದರೆ ದನಿ ತಗಡು ತಗಡಾಗಿ ಬರುತ್ತದೆ, ಕೆಳಗಿನ ತಂತಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಎಷ್ಟೋ ಜನ ಇಲ್ಲೇ "ಪೀಜೋ ಕೆಟ್ಟದ್ದು" ಅಂತ ಕಿತ್ತು ಎಸೆಯುತ್ತಾರೆ. ಪ್ಲೇಟಿನ ತಪ್ಪು ಏನೂ ಇಲ್ಲ. 27 ಮಿ.ಮೀ. ಪ್ಲೇಟು ಒಂದು ಕೆಪ್ಯಾಸಿಟರ್ ಇದ್ದ ಹಾಗೆ, ಸುಮಾರು 20 ನ್ಯಾನೋಫ್ಯಾರಡ್. ಮಿಕ್ಸರಿನ ಲೈನ್ ಇನ್‌ಪುಟ್ಟಿನ ತಡೆ (ಇಂಪೀಡೆನ್ಸ್) ಸಾಮಾನ್ಯವಾಗಿ 10 ಕಿಲೋ ಓಮ್ ಇರುತ್ತದೆ. ಇವೆರಡನ್ನೂ ಜೋಡಿಸಿದರೆ ಹೆಚ್ಚುಕಮ್ಮಿ 800 ಹರ್ಟ್ಸ್‌ನ ಕೆಳಗಿನದೆಲ್ಲ ಸೋರಿಹೋಗುತ್ತದೆ. ನನ್ನ ಮೂರು ತಂತಿಗಳ ಮೂಲ ಸ್ವರ 98, 147, 196 ಹರ್ಟ್ಸ್. ಅಂದರೆ ಮೂರೂ ಸೋರುವ ಕಡೆಯೇ ಇವೆ. ಮೈಕಿನ ಸಾಕೆಟ್ಟಿಗೆ ಹಾಕಿದರಂತೂ ಇನ್ನೂ ಅನ್ಯಾಯ, ಅಲ್ಲಿ ಈ ತಡೆ ಇನ್ನೂ ಕಡಿಮೆ. ಅದೇ ಪ್ಲೇಟಿನ ಮುಂದೆ 1 ಮೆಗಾ ಓಮ್ ಇನ್‌ಪುಟ್ ಇಟ್ಟು ನೋಡಿ, ಸೋರುವ ಗಡಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಅಷ್ಟು ಕೆಳಗಿನದು ನಮ್ಮ ಕಿವಿಗೇ ಕೇಳುವುದಿಲ್ಲ.

ಬೆಸುಗೆ ಗೊತ್ತಿದ್ದವರು ಒಂದು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಹಾಕಿ ಬಫರ್, ಅಂದರೆ ಹೆಚ್ಚು ತಡೆಯ ಇನ್‌ಪುಟ್ ಇರುವ ಸಣ್ಣ ಸರ್ಕ್ಯೂಟ್, ಮಾಡಿಕೊಳ್ಳಬಹುದು. ಜೆ201 ಅಥವಾ 2ಎನ್5457, ಒಂದಿಷ್ಟು ರೆಸಿಸ್ಟರ್, ಒಂದು 9 ವೋಲ್ಟ್ ಬ್ಯಾಟರಿ, ಅಷ್ಟೇ. ನಾನು ಅಕೂಸ್ಟಿಕ್ ಗಿಟಾರಿಗೆ ಹಾಕುವ ರೆಡಿಮೇಡ್ ಪ್ರೀಆಂಪ್ ತಗೊಂಡೆ, ಸಾವಿರದೊಳಗೆ ಬಂತು. ಬಾಸ್, ಟ್ರೆಬಲ್ ಗುಂಡಿಗಳು ಅದರಲ್ಲೇ ಇವೆ. ಯಾವುದೇ ಮಾಡಿ, ಸ್ಟೀರಿಯೋ ಜಾಕ್ ಹಾಕಿ ಬ್ಯಾಟರಿಯ ಮೈನಸ್ ವೈರನ್ನು ಅದರ ನಡುವಿನ ರಿಂಗಿಗೆ ಕೊಡಿ. ಕೇಬಲ್ ಕಿತ್ತ ಕೂಡಲೇ ಬ್ಯಾಟರಿ ಆಫ್ ಆಗುತ್ತದೆ. ಹೀಗೆ ಮಾಡಿದ ಮೇಲೆ ಒಂದು ಬ್ಯಾಟರಿ ತಿಂಗಳುಗಟ್ಟಲೆ ಬರುತ್ತಿದೆ.

ಎಲ್ಲಿ ಅಂಟಿಸಬೇಕು ಅನ್ನುವುದಕ್ಕೆ ಸ್ವಲ್ಪ ಹೊತ್ತು ಕೊಡಿ. ಮೊದಲು ಡಬಲ್ ಟೇಪಿನಲ್ಲಿ ತಾತ್ಕಾಲಿಕವಾಗಿ ಹಚ್ಚಿ, ನುಡಿಸಿ, ಜರುಗಿಸಿ, ಮತ್ತೆ ನುಡಿಸಿ. ಕುದುರೆಯ (ಮುಚ್ಚಳದ ಮೇಲೆ ತಂತಿಗಳನ್ನು ಹೊತ್ತಿರುವ ತುಂಡು) ನೇರ ಕೆಳಗಿದ್ದರೆ ಜೋರಾಗಿ, ಚೂಪಾಗಿ ಬರುತ್ತದೆ, ಉಗುರು ತಾಗಿದ್ದೂ ಕೇಳುತ್ತದೆ. ಕುದುರೆಯಿಂದ ಒಂದೂವರೆ ಇಂಚು ಬದಿಗೆ ಸರಿಸಿದರೆ ಮರದ ದನಿ ಬರಲು ಶುರುವಾಗುತ್ತದೆ. ನನಗೆ ಹಿಡಿಸಿದ್ದು ಅದೇ. ಮುಚ್ಚಳದ ನಟ್ಟನಡುವೆ ಮಾತ್ರ ಬೇಡ, ಅಲ್ಲಿ ಮರ ಜಾಸ್ತಿ ಕುಣಿಯುತ್ತದೆ, ಸ್ಪೀಕರ್ ಹತ್ತಿರ ಕೂತರೆ ಕೂಗಲು ಶುರುಮಾಡುತ್ತದೆ. ಹಿತ್ತಾಳೆ ಬದಿ ಮರಕ್ಕೆ ತಾಗಿರಲಿ, ಸೆರಾಮಿಕ್ ಬದಿ ಒಳಗೆ ಖಾಲಿ ಕಡೆಗೆ ಇರಲಿ.

ಅಂಟಿನ ವಿಷಯದಲ್ಲಿ ಬೆಂಗಳೂರಿನವರ ಸಲಹೆ ನಮ್ಮ ಕಡೆ ನಡೆಯುವುದಿಲ್ಲ. ಎಲ್ಲರೂ ಹಾಟ್ ಗ್ಲೂ ಹಾಕಿ ಅನ್ನುತ್ತಾರೆ. ಇಲ್ಲಿ ಏಪ್ರಿಲ್, ಮೇನಲ್ಲಿ 42-43 ಡಿಗ್ರಿ ಮಾಮೂಲು, ಬಿಸಿಲಲ್ಲಿ ನಿಂತ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಆ ಕಾವಿಗೆ ಹಾಟ್ ಗ್ಲೂ ಮೆತ್ತಗಾಗುತ್ತದೆ. ನನ್ನ ಚಿಕ್ಕಪ್ಪನ ಮಗ ಮಾಡಿದ ಡಬ್ಬಿಯಲ್ಲಿ ಮೇ ತಿಂಗಳಲ್ಲಿ ಪ್ಲೇಟಿನ ಒಂದು ಅಂಚು ಎದ್ದಿತ್ತು. ಪೂರ್ತಿ ಬಿದ್ದಿರಲಿಲ್ಲ, ಅದೇ ತೊಂದರೆ. ಅರ್ಧ ಎದ್ದ ಪ್ಲೇಟು ಪ್ರತಿ ಮೀಟಿಗೂ ಜರ್ ಅನ್ನುತ್ತದೆ, ಕಾರಣ ಎಲ್ಲಿದೆ ಅಂತ ಬೇಗ ಹೊಳೆಯುವುದಿಲ್ಲ. ಎರಡು ಟ್ಯೂಬಿನ ಎಪಾಕ್ಸಿ ಹಾಕಿ, ಅರಾಲ್ಡೈಟ್ ಥರದ್ದು. ಮರವನ್ನು ಉಜ್ಜಿ ಧೂಳು ಒರೆಸಿ, ತೆಳುವಾಗಿ ಹಚ್ಚಿ, ಮೇಲೆ ಹಗುರವಾದ ಭಾರ ಇಟ್ಟು ಒಂದು ರಾತ್ರಿ ಬಿಡಿ. ನನ್ನದು ಕೂದಲೆಳೆಯಷ್ಟೂ ಅಲುಗಿಲ್ಲ.

ಎರಡು ವರ್ಷದಲ್ಲಿ ಕೈಕೊಟ್ಟ ಜಾಗ ಒಂದೇ, ಸೆರಾಮಿಕ್ ಮೇಲಿನ ಬೆಸುಗೆ. ಪ್ಲೇಟಿನ ಜೊತೆ ಬರುವ ವೈರು ಕೂದಲಿನಷ್ಟು ಸಣ್ಣದು, ಅದನ್ನು ಎಳೆದಾಡಿದರೆ ಮೇಲಿನ ಬೆಳ್ಳಿ ಲೇಪದ ಸಮೇತ ಕಿತ್ತು ಬರುತ್ತದೆ. ಮತ್ತೆ ಬೆಸೆಯುವಾಗ ಬೆಸುಗೆ ಕಡ್ಡಿಯನ್ನು ಒಂದೆರಡು ಕ್ಷಣಕ್ಕಿಂತ ಜಾಸ್ತಿ ತಾಗಿಸಬಾರದು, ಕಾವು ಹೆಚ್ಚಾದರೆ ಸೆರಾಮಿಕ್ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಬೆಸೆದ ಮೇಲೆ ವೈರನ್ನು ಡಬ್ಬಿಯ ಗೋಡೆಗೆ ಒಂದು ಕಡೆ ಅಂಟಿಸಿಬಿಡಿ, ಎಳೆತ ಬೆಸುಗೆಗೆ ಹೋಗುವುದಿಲ್ಲ.

ಗುಂಯ್ ಅನ್ನುವ ಸದ್ದು ನಮ್ಮ ಕಡೆ ಇದ್ದದ್ದೇ. ಮಂಟಪದಲ್ಲಿ ಸೀರಿಯಲ್ ಲೈಟು, ಫ್ಯಾನು, ಮೈಕು ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಎಳೆದಿರುತ್ತಾರೆ, ಅರ್ತಿಂಗ್ ಎಷ್ಟೋ ಕಡೆ ಇರುವುದೇ ಇಲ್ಲ. ಪ್ಲೇಟಿನಿಂದ ಪ್ರೀಆಂಪಿನ ತನಕ ಶೀಲ್ಡ್ ವೈರು ಹಾಕಿ, ಆದಷ್ಟು ಗಿಡ್ಡವಾಗಿರಲಿ. ಪ್ಲೇಟಿನ ಬೆನ್ನಿಗೆ ಮೊದಲು ಇನ್ಸುಲೇಷನ್ ಟೇಪು, ಅದರ ಮೇಲೆ ತಾಮ್ರದ ಟೇಪು ಹಚ್ಚಿ ಅದನ್ನು ಗ್ರೌಂಡಿಗೆ ಸೇರಿಸಿ. ಇಷ್ಟು ಮಾಡಿದ ಮೇಲೆ ಸದ್ದು ಹತೋಟಿಗೆ ಬಂತು. ಧೂಳಿಗೆ ಜಾಕ್ ಆಗಾಗ ಕರಕರ ಅನ್ನುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸರಿಹೋಗುತ್ತದೆ.

ಹಿಡಿಸದ್ದೂ ಇದೆ. ಡಬ್ಬಿ ಮುಟ್ಟಿದ್ದು, ಅಂಗಿಯ ಗುಂಡಿ ತಾಗಿದ್ದು, ಎಲ್ಲವನ್ನೂ ಇದು ಸ್ಪೀಕರಿಗೆ ದಾಟಿಸುತ್ತದೆ. ಒಳಗೆ ಹಳೆ ಹತ್ತಿ ಬಟ್ಟೆ ತುಂಬಿದ್ದರಿಂದ ಕೂಗುವುದು ಕಡಿಮೆಯಾಯಿತು, ಕೈಸಪ್ಪಳ ಮಾತ್ರ ಪೂರ್ತಿ ಹೋಗಲಿಲ್ಲ. ಸೂಕ್ಷ್ಮವಾದ ರೆಕಾರ್ಡಿಂಗ್ ಮಾಡುವವರಿಗೆ ನಾನು ಒಳ್ಳೆಯ ಮೈಕನ್ನೇ ಹೇಳುತ್ತೇನೆ. ಗುಂಪಿನಲ್ಲಿ ನುಡಿಸುವವರಿಗೆ ಇದೇ ಸರಿ.

ಶ್ರಾವಣದ ಭಜನೆಯಲ್ಲಿ ಕೇಳಿದ ಮೇಲೆ ಕಾಕಾ ತಮ್ಮ ಏಕತಾರಿಗೂ ಹಾಕಿಕೊಡು ಅಂದರು. ಅದಕ್ಕೆ 27 ಮಿ.ಮೀ. ಪ್ಲೇಟು ಆಗುವುದಿಲ್ಲ. ಸೋರೆ ಬುರುಡೆಯ ಮೈ ಗುಂಡಗಿರುತ್ತದೆ, ಚಪ್ಪಟೆ ಬಿಲ್ಲೆಯನ್ನು ಅದಕ್ಕೆ ಒತ್ತಿದರೆ ಸೆರಾಮಿಕ್ ಟಕ್ ಅಂತ ಸೀಳುತ್ತದೆ. ಅಂಗಡಿಯಲ್ಲಿ 15 ಅಥವಾ 20 ಮಿ.ಮೀ. ಪ್ಲೇಟು ಕೇಳಿ ತಗೊಳ್ಳಿ. ಬುರುಡೆಯ ಗುಂಡಗಿನ ಮೈಗೆ ಸರಿಯಾಗಿ ಕೆತ್ತಿದ ಸಣ್ಣ ಮರದ ತುಂಡು ಮೊದಲು ಅಂಟಿಸಿ, ಅದರ ಚಪ್ಪಟೆ ಮುಖಕ್ಕೆ ಪ್ಲೇಟು ಕೂರಿಸಿ.