ಗಂಡ ಹೆಂಡತಿ ಪಾಳಿಯಲ್ಲಿ ಓಡಿಸಿದ ಬಾಡಿಗೆ ಕ್ಯಾರವಾನ್: ಬಳ್ಳಾರಿಯಿಂದ ರಾಯಚೂರಿನವರೆಗಿನ ಅನುಭವ

ಕ್ಯಾರವಾನ್ ಎಂದರೆ ಸಿನಿಮಾ ನಟರ ವಿಶ್ರಾಂತಿಗೆ ನಿಲ್ಲಿಸುವ ಗಾಡಿ ಎಂಬ ಭಾವನೆ ನಮ್ಮ ಭಾಗದಲ್ಲಿ ಇನ್ನೂ ಇದೆ. ಹಾಸಿಗೆ, ಒಲೆ, ಶೌಚಾಲಯ ಎಲ್ಲವೂ ಇರುವ ಅಂಥದೊಂದು ದೊಡ್ಡ ವಾಹನವನ್ನು, ನಾವೇ ಓಡಿಸಿಕೊಳ್ಳುವ ಕರಾರಿನ ಮೇಲೆ ಬಾಡಿಗೆಗೆ ಪಡೆದು, ನಮ್ಮ ಮನೆಯವರೂ ನಾನೂ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳನ್ನು ಸುತ್ತಿ ಬಂದೆವು. ಒಳಗಿನ ಸೌಕರ್ಯಗಳನ್ನು ಹೊಗಳಿದವರು ಬೇಕಾದಷ್ಟು ಜನರಿದ್ದಾರೆ. ದಂಪತಿ ಪಾಳಿಯಲ್ಲಿ ಓಡಿಸಲು ಈ ವಾಹನ ಮತ್ತು ಈ ಸೇವೆ ಎಷ್ಟರ ಮಟ್ಟಿಗೆ ಒಗ್ಗುತ್ತವೆ ಎಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇನೆ.

ಲೈಸನ್ಸಿನ ವಿಚಾರದಲ್ಲಿ ಈಗ ಅಂಜಿಕೆಗೆ ಕಾರಣವಿಲ್ಲ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ, ಮಿನಿ ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಇಂಥ ಗಾಡಿಗೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆಯೇ ಎಂದು ನಮ್ಮವರು ಕೇಳಿದ್ದರು. 7,500 ಕಿಲೋ ಒಟ್ಟು ತೂಕದೊಳಗಿನ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸನ್ಸ್ ಇರುವವರು ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ಹೇಳಿದೆ. ನಮ್ಮ ಗಾಡಿ ಆ ಮಿತಿಯೊಳಗೇ ಇತ್ತು. ತೊಡಕು ಬಂದದ್ದು ಬಾಡಿಗೆ ಕರಾರಿನಲ್ಲಿ. ಓಡಿಸುವವರ ಸಾಲಿನಲ್ಲಿ ನಮ್ಮ ಯಜಮಾನರ ಹೆಸರೊಂದನ್ನೇ ಬರೆದು ಸಹಿಗೆ ನೀಡಿದರು. ನನ್ನ ಹೆಸರನ್ನೂ ಸೇರಿಸಿ ಎಂದಾಗ ಎರಡನೆಯ ಚಾಲಕರಿಗೆ ಬೇರೆ ಶುಲ್ಕವಿದೆ ಎಂದರು. ಶುಲ್ಕವನ್ನು ನಾನು ಆಕ್ಷೇಪಿಸುವುದಿಲ್ಲ, ಆದರೆ ಅದನ್ನು ಮುಂಗಡ ಪಡೆಯುವಾಗಲೇ ತಿಳಿಸಬೇಕಿತ್ತು. ಹೆಸರಿಲ್ಲದವರ ಕೈಯಲ್ಲಿ ಅಪಘಾತವಾದರೆ ನಷ್ಟವನ್ನೆಲ್ಲ ಬಾಡಿಗೆದಾರರೇ ಭರಿಸಬೇಕೆಂದು ಅದೇ ಕರಾರಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಗಾಡಿ ಒಪ್ಪಿಸುವಾಗಲೂ ಇದೇ ಧೋರಣೆ. ಸಿಬ್ಬಂದಿಯು ಹಿಂದಕ್ಕೆ ತೆಗೆಯುವ ಕ್ರಮ, ಬ್ಯಾಟರಿ ಬದಲಿಸುವ ಗುಂಡಿ, ಗ್ಯಾಸ್ ವಾಲ್ವ್ ಎಲ್ಲವನ್ನೂ ಅವರಿಗೆ ತೋರಿಸಿ, ನನಗೆ ಫ್ರಿಜ್ಜನ್ನು ತೋರಿಸಿತು.

ವಾಹನದ ಓಟವನ್ನು ಮೆಚ್ಚಲೇಬೇಕು. ಬಳ್ಳಾರಿಯಿಂದ ತೋರಣಗಲ್ಲು ದಾಟಿ ಹೊಸಪೇಟೆಯವರೆಗಿನ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಅದಿರಿನ ಲಾರಿಗಳ ಸಾಲು ಸಾಮಾನ್ಯ. ಲಾರಿಯೊಂದು ಪಕ್ಕದಿಂದ ಹಾದುಹೋದಾಗ ಎತ್ತರದ ಗಾಡಿಯನ್ನು ಗಾಳಿ ತಳ್ಳುತ್ತದೆ, ಸ್ಟೀರಿಂಗ್ ಬಿಗಿಯಾಗಿ ಹಿಡಿದರೆ ಸಾಕು. ಕ್ಲಚ್ ಮಾತ್ರ ಗಟ್ಟಿ. ಸಂಜೆ ಹೊತ್ತಿನ ಕೊಪ್ಪಳದ ಪೇಟೆಯಂಥ ಕಡೆ ಅರ್ಧ ತಾಸಿಗೇ ಎಡಗಾಲು ಸೋಲುತ್ತದೆ, ಆದ್ದರಿಂದ ಪಾಳಿಯನ್ನು ಕಿಲೋಮೀಟರಿನ ಲೆಕ್ಕದಲ್ಲಿ ಹಂಚಿಕೊಳ್ಳದೆ ಊರೊಳಗಿನ ಓಟವನ್ನೂ ಹೆದ್ದಾರಿಯ ಓಟವನ್ನೂ ಇಬ್ಬರಿಗೂ ಬರುವಂತೆ ಹಂಚಿಕೊಳ್ಳುವುದು ನ್ಯಾಯ. ನೀರಿನ ತೊಟ್ಟಿ ತುಂಬಿದಾಗ ನೂರು ಲೀಟರ್, ಅಂದರೆ ಒಂದು ಕ್ವಿಂಟಲ್ ಭಾರ. ತುಂಬಿದ ತೊಟ್ಟಿಗೂ ಖಾಲಿ ತೊಟ್ಟಿಗೂ ಬ್ರೇಕಿನ ವರ್ತನೆ ಬೇರೆಯಾಗುವುದರಿಂದ ಸ್ಟೀರಿಂಗ್ ಬಿಟ್ಟುಕೊಡುವವರು ನೀರೆಷ್ಟಿದೆ ಎಂದು ಹೇಳಿಯೇ ಇಳಿಯಬೇಕು.

ಪಾಳಿ ಬದಲಾಗುವ ಆ ಹೊತ್ತಿನಲ್ಲಿಯೇ ಈ ಗಾಡಿಯ ದೊಡ್ಡ ಕೊರತೆ ಕಣ್ಣಿಗೆ ಬೀಳುತ್ತದೆ. ನಮ್ಮವರಿಗಿಂತ ನಾನು ಸಾಕಷ್ಟು ಗಿಡ್ಡ. ಸೀಟನ್ನು ಮುಂದಕ್ಕೆ ಎಳೆಯಬಹುದೇ ಹೊರತು ಮೇಲೆತ್ತಲು ಬರುವುದಿಲ್ಲ. ಕ್ಲಚ್ ಪೂರ್ತಿ ಒತ್ತುವಷ್ಟು ಮುಂದೆ ಬಂದರೆ ಸ್ಟೀರಿಂಗ್ ಎದೆಗೆ ತಾಗುವಷ್ಟು ಹತ್ತಿರವಾಗುತ್ತದೆ. ಕೊನೆಗೆ ಬೆನ್ನ ಹಿಂದೆ ಒಂದು ಗಟ್ಟಿ ದಿಂಬು, ಕೆಳಗೆ ಮಡಿಸಿದ ಜಮಖಾನೆ ಇಟ್ಟು ಸರಿಮಾಡಿಕೊಂಡೆ. ಎಡಗನ್ನಡಿಯ ಕಥೆ ಇದಕ್ಕಿಂತ ಕಷ್ಟದ್ದು. ಅದನ್ನು ಕೈಯಿಂದಲೇ ತಿರುಗಿಸಬೇಕು, ಚಾಲಕರ ಸೀಟಿನಿಂದ ಅದು ಎಟುಕುವುದಿಲ್ಲ. ಹೀಗಾಗಿ ಪ್ರತಿ ಸಲವೂ ಒಬ್ಬರು ಕೆಳಗಿಳಿದು, ಕನ್ನಡಿಯ ಚೌಕಟ್ಟು ಹಿಡಿದು ನಿಂತು, ಒಳಗಿದ್ದವರು ‘ಇನ್ನೂ ಕೆಳಗೆ, ಸ್ವಲ್ಪ ಹೊರಗೆ’ ಎನ್ನುವವರೆಗೆ ತಿರುಗಿಸುತ್ತಿರಬೇಕು. ಬೇಸತ್ತು ಕನ್ನಡಿಯನ್ನು ಹಾಗೆಯೇ ಬಿಟ್ಟು ಹೊರಡುವ ಆಸೆ ಯಾರಿಗಾದರೂ ಆದೀತು. ಇಷ್ಟು ಬೆಲೆಬಾಳುವ ಒಳಾಂಗಣ ಮಾಡಿಸಿದವರು ವಿದ್ಯುತ್ ಚಾಲಿತ ಕನ್ನಡಿಗೆ ಮನಸ್ಸು ಮಾಡದಿರುವುದಕ್ಕೆ, ಗಾಡಿಯನ್ನು ಸಂಬಳದ ಚಾಲಕನೊಬ್ಬನೇ ಓಡಿಸುತ್ತಾನೆಂಬ ಲೆಕ್ಕಾಚಾರವಲ್ಲದೆ ಬೇರೆ ಕಾರಣ ನನಗೆ ತೋಚದು.

ಹಿಂದಕ್ಕೆ ತೆಗೆಯುವಾಗ ಇನ್ನೊಬ್ಬರು ಇಳಿದು ದಾರಿ ತೋರಿಸಲೇಬೇಕು. ಗಾಡಿಯ ಹಿಂದೆ ನಿಂತು, ಗಾಡಿಗೆ ಬೆನ್ನು ಮಾಡಿ ಹಿಂದಿನ ದಾರಿ ನೋಡುವವರ ಬಲ, ಓಡಿಸುವವರಿಗೆ ಎಡವಾಗುತ್ತದೆ; ಎಷ್ಟೋ ಮನೆಗಳ ಜಗಳಕ್ಕೆ ಇಷ್ಟು ಸಾಕು. ನಾವು ಲಾರಿಯವರ ಪದ್ಧತಿ ಹಿಡಿದು ‘ಡ್ರೈವರ್ ಸೈಡ್’, ‘ಕ್ಲೀನರ್ ಸೈಡ್’ ಎಂದೇ ಕೂಗಿಕೊಂಡೆವು, ಗೊಂದಲ ತಪ್ಪಿತು. 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯಕ್ಕೆ ಹೋದಾಗ ಇದು ಬಹಳ ಉಪಕಾರಕ್ಕೆ ಬಂತು, ಏಕೆಂದರೆ ಊರ ತಿರುವುಗಳಲ್ಲಿ ಹಿಂಗಾಲಿಗಳ ಆಚೆಗೆ ಚಾಚಿಕೊಂಡ ಗಾಡಿಯ ಬೆನ್ನು, ಮೂತಿ ತಿರುಗಿದ್ದಕ್ಕೆ ಎದುರು ದಿಕ್ಕಿಗೆ ಹೊರಳಿ ಕಟ್ಟೆಗೋ ಕಂಬಕ್ಕೋ ಸವರುತ್ತದೆ. ಗಾಡಿಯನ್ನು ಊರ ಹೊರಗೇ ನಿಲ್ಲಿಸಿ ನಡೆದುಹೋಗುವುದು ಒಳಿತು. ಮಾಳಿಗೆಯ ಮೇಲಿನ ಎ.ಸಿ. ಸೇರಿಸಿ ಗಾಡಿಯ ಎತ್ತರವೆಷ್ಟು ಎಂಬ ಚೀಟಿ ಚಾಲಕರ ಮುಂದೆ ಅಂಟಿಸಿರಲಿಲ್ಲ. ರೈಲ್ವೆ ಕೆಳಸೇತುವೆಯ ಮುಂದೆ ನಿಂತು ದಾಖಲೆ ಹುಡುಕುವುದು ಆಗದ ಮಾತು. ನಾವೇ ಟೇಪಿನಿಂದ ಅಳೆದು ಬರೆದು ಅಂಟಿಸಿದೆವು.

ಪಾಳಿ ಮುಗಿಸಿದವರು ಹಿಂದೆ ಹೋಗಿ ಮಲಗಬಹುದೆಂಬುದು ಜಾಹೀರಾತಿನ ಚಿತ್ರದಲ್ಲಿ ಚಂದ. ಹಾಸಿಗೆಗೆ ಬೆಲ್ಟ್ ಇಲ್ಲ. ಊರೂರಿಗೂ ರಸ್ತೆ ಉಬ್ಬುಗಳಿರುವ ನಮ್ಮ ಕಡೆ, ಓಡುವ ಗಾಡಿಯಲ್ಲಿ ಮಲಗುವುದು ಅಪಾಯ. ಬೆಲ್ಟ್ ಇರುವ ಹಿಂದಿನ ಕುರ್ಚಿ ಒರಗುವುದಿಲ್ಲ. ಆದ್ದರಿಂದ ನಿಜವಾದ ವಿಶ್ರಾಂತಿ ಗಾಡಿ ನಿಂತಾಗಲೇ ಸಿಗುವುದು, ಇಬ್ಬರು ಚಾಲಕರಿದ್ದಾರೆಂದು ದಿನದ ಓಟವನ್ನು ಎರಡರಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಒಲೆಯ ಬಗ್ಗೆ ಒಂದೇ ಮಾತು: ಚಹಾ, ವಗ್ಗರಣಿಗೆ ಅಡ್ಡಿಯಿಲ್ಲ, ಜೋಳದ ರೊಟ್ಟಿಯ ಹಂಚು ಆ ಉರಿಗೆ ಕಾಯುವುದಿಲ್ಲ. ರೊಟ್ಟಿಯನ್ನು ಖಾನಾವಳಿಯಲ್ಲಿ ಕಟ್ಟಿಸಿಕೊಳ್ಳಿ.

ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿಯಿಂದ ಸಿಂಧನೂರು, ಸಿರುಗುಪ್ಪ ಮಾರ್ಗವಾಗಿ ಬಳ್ಳಾರಿಗೆ ಮರಳುವ ಹೆದ್ದಾರಿ 150ಎ, ಗಾಡಿ ಕಲಿಯುತ್ತಿರುವ ಎರಡನೆಯ ಚಾಲಕರಿಗೆ ಒಳ್ಳೆಯ ದಾರಿ: ಘಟ್ಟವಿಲ್ಲ, ನೆಲ ಸಪಾಟು. ಕತ್ತಲಾದ ಮೇಲೆ ಮಾತ್ರ ಬೇಡ, ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಹತ್ತಿರ ಬರುವವರೆಗೆ ಕಾಣುವುದಿಲ್ಲ.

ಇದೇ ಗಾಡಿಯನ್ನು ಮತ್ತೆ ಪಡೆಯಲು ನನಗೆ ಅಡ್ಡಿಯಿಲ್ಲ; ಇಬ್ಬರ ಹೆಸರೂ ಇರುವ ಕರಾರು ಕೈಗೆ ಬಂದ ಮೇಲೆಯೇ ಹಣ ಕಟ್ಟುತ್ತೇನೆ, ಗಾಡಿ ಒಪ್ಪಿಸಿಕೊಳ್ಳುವಾಗ ಇಬ್ಬರೂ ಒಮ್ಮೊಮ್ಮೆ ಹಿಂದಕ್ಕೆ ತೆಗೆದು ನೋಡುತ್ತೇವೆ. ಬೇಸಿಗೆಯಲ್ಲಂತೂ ಪಡೆಯುವುದಿಲ್ಲ. ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ, ಹೊರಗಿನ ವಿದ್ಯುತ್ ಸಂಪರ್ಕವಿಲ್ಲದೆ ಹಿಂದಿನ ಎ.ಸಿ. ರಾತ್ರಿಯಿಡೀ ನಡೆಯುವುದಿಲ್ಲ, ನಿದ್ದೆಗೆಟ್ಟರೆ ಮರುದಿನ ಇಬ್ಬರಲ್ಲಿ ಯಾರೂ ಓಡಿಸುವ ಸ್ಥಿತಿಯಲ್ಲಿರುವುದಿಲ್ಲ. ಮುಂಗಾರಿನ ಭತ್ತದ ಸುಗ್ಗಿಯಲ್ಲಿ ರಸ್ತೆಯ ಮುಕ್ಕಾಲು ಭಾಗ ಹಿಡಿದು ಸಾಗುವ ಕಟಾವು ಯಂತ್ರಗಳು ಎದುರಾಗುತ್ತವೆ. ಅದು ಮುಗಿದು ಬಿಸಿಲೇರುವುದಕ್ಕೆ ಮುಂಚಿನ ಜನವರಿಯೇ ಈ ಪ್ರಯಾಣಕ್ಕೆ ಸರಿ.