ಎಲೆಕ್ಟ್ರಿಕ್ ಕಾರು, ಮೂರು ಮಳೆಗಾಲ: ಇಂಜಿನ್ ಆಯಿಲ್ ಇಲ್ಲ, ಇಲಿ ಇದೆ

ಚಿಕ್ಕಮಗಳೂರಿನಲ್ಲಿ ನಮ್ಮ ಎಲೆಕ್ಟ್ರಿಕ್ ಕಾರು ಮೂರು ಮಳೆಗಾಲ ಕಂಡಿತು. ತಗೊಳ್ಳುವಾಗ ಎಲ್ಲರೂ ಹೆದರಿಸಿದ್ದು ದೊಡ್ಡ ಬ್ಯಾಟರಿ ಬಗ್ಗೆ. ಅದು ಇವತ್ತಿನವರೆಗೂ ತಂಟೆ ಮಾಡಿಲ್ಲ.

ಕೈ ಕೊಟ್ಟಿದ್ದು ಬಾನೆಟ್ ಕೆಳಗಿರುವ ಪುಟ್ಟ 12 ವೋಲ್ಟ್ ಬ್ಯಾಟರಿ. ಹೌದು, ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ. ಎರಡು ವಾರ ಊರಲ್ಲಿ ಇರಲಿಲ್ಲ. ಬಂದು ನೋಡಿದರೆ ಕಾರು ಸತ್ತಂತೆ ನಿಂತಿದೆ. ದೊಡ್ಡ ಬ್ಯಾಟರಿಯಲ್ಲಿ ಬೇಕಾದಷ್ಟು ಚಾರ್ಜ್ ಇತ್ತು, ಆದರೆ ಅದನ್ನು ಎಬ್ಬಿಸುವ ಕರೆಂಟ್ ಚಿಕ್ಕದರಿಂದಲೇ ಬರಬೇಕು. ಕಣಜ ತುಂಬಿದ್ದರೂ ಬೀಗದ ಕೈ ಕಳೆದ ಹಾಗೆ. ಈಗ ವೋಲ್ಟ್ ಅಳೆಯುವ ಒಂದು ಅಗ್ಗದ ಮಲ್ಟಿಮೀಟರ್ ಇಟ್ಟುಕೊಂಡಿದ್ದೇನೆ. ಕಾರು ಆಫ್ ಇದ್ದಾಗ 12.6 ಆಸುಪಾಸು ತೋರಿಸಿದರೆ ನಿಶ್ಚಿಂತೆ. 12.2ಕ್ಕೆ ಇಳಿದರೆ ಚಾರ್ಜ್ ಮಾಡಿಸಲೇಬೇಕು.

ಚಾರ್ಜಿಂಗ್ ಮನೆಯ 15 ಆಂಪ್ ಪಾಯಿಂಟಿನಲ್ಲೇ. ಮೊದಲ ಬೇಸಿಗೆಯಲ್ಲಿ ಮಧ್ಯರಾತ್ರಿ ನಿಂತುಬಿಡುತ್ತಿತ್ತು. ಸುಮ್ನೆ ಕಾರನ್ನು ಬೈದೆ. ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆದು ನಕ್ಕರು. ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ಅದಕ್ಕೇ ಚಾರ್ಜಿಂಗ್ ನಿಲ್ಲುತ್ತಿದ್ದದ್ದು. ಇದ್ದಿಲು, ಉಪ್ಪು ತುಂಬಿಸಿ, ತಂತಿ ಬದಲಿಸಿದ ಮೇಲೆ ಸರಿಹೋಯಿತು. ಈಗ ಮಾರ್ಚ್ ಬಂದರೆ ತುಳಸಿಗೆ ಒಂದು ಚೊಂಬು, ಗುಂಡಿಗೆ ಎರಡು ಬಕೆಟ್. ಚಾರ್ಜ್ ಆಗುವಾಗ ಪ್ಲಗ್ ಮುಟ್ಟಿ ನೋಡುವುದೂ ಅಭ್ಯಾಸವಾಗಿದೆ. ಕೈ ಸುಡುವಷ್ಟು ಬಿಸಿಯಾದರೆ ಸಾಕೆಟ್ ಸಡಿಲ ಇರಬಹುದು.

ಮುಳ್ಳಯ್ಯನಗಿರಿಯಿಂದ ಕೈಮರಕ್ಕೆ ಇಳಿಯುವಾಗ ಬ್ರೇಕ್ ಮುಟ್ಟುವುದೇ ಅಪರೂಪ. ಮೋಟಾರೇ ತಡೆಯುತ್ತದೆ, ಒಂದಿಷ್ಟು ಚಾರ್ಜೂ ವಾಪಸ್ ಬರುತ್ತದೆ. ಇದಕ್ಕೆ ರೀಜೆನ್ ಅಂತಾರೆ. ಸುಖ ಅಲ್ವಾ? ಆದರೆ ಕೆಲಸವಿಲ್ಲದ ಡಿಸ್ಕ್‌ಗೆ ನಮ್ಮ ಮಳೆಯಲ್ಲಿ ಬೇಗ ತುಕ್ಕು. ಅದಕ್ಕೇ ಆಗಾಗ ರೀಜೆನ್ ಸೊನ್ನೆಗೆ ಇಳಿಸಿ, ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಬ್ರೇಕ್ ಒತ್ತುತ್ತೇನೆ.

ಟೈರ್ ಗಾಳಿ, ವೈಪರ್, ಗಾಜಿನ ಬುಡದಲ್ಲಿ ಸೇರುವ ಸಿಲ್ವರ್ ಓಕ್ ಎಲೆ ಎಲ್ಲಾ ಮಾಮೂಲಿ. ಕಾರು ಭಾರ, ಎಳೆತವೂ ಜಾಸ್ತಿ, ಹಾಗಾಗಿ ಟೈರ್ ಸವೆತದ ಮೇಲೆ ಒಂದು ಕಣ್ಣಿಡಿ. ಕಿತ್ತಳೆ ಬಣ್ಣದ ವೈರಿಗೆ ಅಪ್ಪಿತಪ್ಪಿಯೂ ಕೈ ಹಾಕಬೇಡಿ, ಅದು ಹೈ ವೋಲ್ಟೇಜ್.

ಇನ್ನೊಂದು ಕಾರು ತಗೊಂಡರೂ ಎಲೆಕ್ಟ್ರಿಕ್ಕೇ. ಆದರೆ ಕಾರಿನೊಳಗೆ ನುಗ್ಗುವ ಇಲಿಗೆ ಮದ್ದು ನನ್ನನ್ನು ಕೇಳಬೇಡಿ. ಯಾರೋ ಹೇಳಿದರು ಅಂತ ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದ್ದೆ. ಮೊನ್ನೆ ತೆಗೆದು ನೋಡಿದರೆ ಅದರ ಪಕ್ಕದಲ್ಲೇ ಅರ್ಧ ತಿಂದ ಕೊಬ್ಬರಿ ಚೂರು.